ಓರೆ ಮುಚ್ಚಳ

ಬಾಕ್ಸ್ ಹಿಲ್‌ನ ಆ ಹೋಟೆಲಿನಲ್ಲಿ ಮೇಜಿನ ಮೇಲೊಂದು ಮೇಜು,
ಗಾಜಿನದು, ದುಂಡಗೆ, ಬೆರಳು ತಾಗಿದರೆ ತಿರುಗುತ್ತದೆ.
"ಬೀಸೂಕಲ್ಲ ಇದ್ದಂಗ ಐತಿ," ಅಂದಿದ್ದಳು ಅವ್ವ ಮೊದಲ ಸಲ,
"ಹಿಟ್ಟಷ್ಟ ಬೀಳೂದಿಲ್ಲ."

ಎರಡು ತಿಂಗಳಿಗೊಂದು ಭಾನುವಾರ, ಹನ್ನೊಂದೂವರೆಗೆ.
ಮಹಾಂತಣ್ಣ ಬಾಗಿಲಿಗೆ ಮುಖ ಮಾಡಿ,
ನೀಲಕ್ಕ ಅವನಿಗೆ ಎದುರಾಗದಂತೆ, ಆದರೆ ಕೈಗೆ ಎಟುಕುವಂತೆ,
ನಾನು ಉಳಿದ ಕುರ್ಚಿಯಲ್ಲಿ.
ನಲವತ್ತೊಂದು ವರ್ಷದಿಂದ ಉಳಿದದ್ದೇ ನನ್ನ ಕುರ್ಚಿ.

ಅಣ್ಣ ಸಿಗಡಿ ತಿನ್ನುತ್ತಾನೆ.
ಅವ್ವನಿಗೆ ಗೊತ್ತಿಲ್ಲ ಎಂಬುದು ನಮ್ಮ ಮನೆತನದ ನಂಬಿಕೆ.
ಬಿದಿರಬುಟ್ಟಿ ಬಂದು ಕೂತೊಡನೆ
ಮೆಲ್ಲಗೆ ಗಾಜನ್ನು ತನ್ನತ್ತ ಎಳೆದುಕೊಳ್ಳುತ್ತಾನೆ;
ಬದನೆಕಾಯಿ ಬೇಕೆಂದು ನೀಲಕ್ಕ ಮತ್ತೆ ತಿರುಗಿಸುತ್ತಾಳೆ,
ಬದನೆಕಾಯಿ ಅವಳಿಗೆ ಸೇರುವುದಿಲ್ಲ.
ತೆಳುಹಿಟ್ಟಿನೊಳಗೆ ನಸುಗೆಂಪು ತೋರುತ್ತ
ಅವ್ವನ ಮೂಗಿನ ಕೆಳಗೇ ಪಲ್ಲಕ್ಕಿ ಸಾಗುತ್ತದೆ.
ಅವ್ವ ಆಗೆಲ್ಲ ಗೋಡೆಬದಿಯ ಮೀನಿನ ತೊಟ್ಟಿ ನೋಡುತ್ತಾಳೆ.
"ಎಷ್ಟ್ ಚಂದ ಆಡ್ತಾವ."

ಇವತ್ತು ಅಣ್ಣ ಚಿಟಿಕೆ ಹೊಡೆದು ಕರೆದ,
ಬಿಸಿನೀರು ತರುವ ಹುಡುಗನನ್ನು. ಒಂದೇ ಚಿಟಿಕೆ.
ನೀಲಕ್ಕ ಕಡ್ಡಿಗಳನ್ನು ಜೋಡಿಸಿ ಕೆಳಗಿಟ್ಟಳು.
"ಅಂವ ಏನ್ ನಾಯಿ ಏನ?"
"ನೀ ಕಲಸಬ್ಯಾಡ ನನಗ."
"ಯಾರರೆ ಕಲಸಬೇಕಲ್ಲ."

ಮಾತು ಹುಡುಗನದು. ಜಗಳ ಹಳೆಯದು:
ಕ್ಲೇಟನ್ನಿನ ಮನೆಗೆ ಅಕ್ಕ ಮುಂಗಡ ಕಟ್ಟುವಾಗ
ಅಣ್ಣ ಕೊಟ್ಟ ಹದಿನೆಂಟು ಸಾವಿರ ಡಾಲರು.
ತಿರುಗಿ ಕೊಟ್ಟೆ ಎಂದು ಅವಳು, ಪೂರಾ ಅಲ್ಲ ಎಂದು ಅವನು
ನನ್ನ ಕಿವಿಯಲ್ಲಿ ಮಾತ್ರ, ಬೇರೆ ಬೇರೆ ರಾತ್ರಿ, ಫೋನಿನಲ್ಲಿ.
ಎದುರೆದುರು ಅಂದಿದ್ದರೆ
ಒಂದು ಸಂಜೆಗೆ ತೀರುತ್ತಿತ್ತು.

ಆಮೇಲೆ ಎಳ್ಳುಂಡೆ ಬಂತು.
ಚೀನೀಯರ ಎಳ್ಳುಂಡೆ, ಒಳಗೆ ಟೊಳ್ಳು,
ಅವ್ವನಿಗೆ ಅದೊಂದೇ ಇಲ್ಲಿ ಗುರುತಿನದು.
ಒಂದು ಉಳಿಯಿತು. ಕೊನೆಯದಕ್ಕೆ ಕೈ ಹಾಕಬಾರದು,
ಗದಗಿನ ಅಡುಗೆಮನೆಯಲ್ಲಿ ಸೌಟಿನ ಹಿಡಿಕೆಯಿಂದ ಕಲಿತ ಪಾಠ.
ನೀ ತಗೋ. ನನಗ ಸಾಕಾತು. ಅಕ್ಕಾ, ನೀ ತಗೋ.
ಉಂಡೆ ಮೂರು ಸುತ್ತು ಸುತ್ತಿತು.
ಅಣ್ಣನ ಮಗ ಅರ್ಜುಣಿಗಿ
(ಅಜ್ಜನ ಊರಿನ ಹೆಸರು, ಶಾಲೆಯಲ್ಲಿ ಅವನು ಆರ್ಚೀ)
ಫೋನಿನಿಂದ ಕಣ್ಣೆತ್ತದೆ ಎತ್ತಿ ಬಾಯಿಗೆ ಹಾಕಿಕೊಂಡ.

ಅಣ್ಣ ಕೈ ತೊಳೆದು ಬರುತ್ತೇನೆಂದು ಎದ್ದ.
ಎಲ್ಲರಿಗೂ ಗೊತ್ತು ಆ ಕೈ ತೊಳೆಯುವುದು
ಗಲ್ಲಾಪೆಟ್ಟಿಗೆಯ ಬಳಿ ನಡೆಯುತ್ತದೆಂದು.
ಬರಿಗೈಯಲ್ಲಿ, ಬಿಗಿದ ಮುಖದಲ್ಲಿ ಮರಳಿದ.
ಒಳಗೆ ಬರುವಾಗಲೇ ನೀಲಕ್ಕ ಕಾರ್ಡು ಕೊಟ್ಟು ಬಂದಿದ್ದಳು.

"ಎಷ್ಟಾತು?"
"ಬಿಡು."
"ಬಿಡು ಅಂದ್ರ?"
ಅರಿಸಿನ ಬಣ್ಣದ ನಾಲ್ಕು ಐವತ್ತರ ನೋಟು ಗಾಜಿನ ಮೇಲಿಟ್ಟ.
ಅಕ್ಕ ಗಾಜು ತಿರುಗಿಸಿದಳು.
ನೋಟು ನನ್ನ ಮುಂದೆ ಬಂತು, ನಾನು ಮುಟ್ಟಲಿಲ್ಲ.
ಅವ್ವನ ಮುಂದೆ ಹೋಯಿತು, ಭಾವನ ಮುಂದೆ, ಮತ್ತೆ ಅಣ್ಣನ ಮುಂದೆ.
ಅವನು ತಿರುಗಿಸಿದ.
ಪಕ್ಕದ ಮೇಜಿನವರು ಸಭ್ಯರು,
ತಮ್ಮ ತಟ್ಟೆಯನ್ನೇ ದಿಟ್ಟಿಸಿ ನೋಡಿದರು.

ಆಗ ಅವ್ವ ಗಾಜನ್ನು ಅಂಗೈಯಿಂದ ಒತ್ತಿ ನಿಲ್ಲಿಸಿದಳು.
ಚಹಾದ ಕುಡಿಕೆಯ ಮುಚ್ಚಳವೆತ್ತಿ ಓರೆಯಾಗಿಟ್ಟಳು.
ಮುಚ್ಚಳ ಓರೆಯಿದ್ದರೆ ಇನ್ನೂ ಬೇಕು ಎಂದರ್ಥ ಇಲ್ಲಿ;
ಹಿಂದೊಮ್ಮೆ ಬದಿಮೇಜಿನ ಚೀನೀ ಮುದುಕಿ
ಮಾತಿಲ್ಲದೆ ಕಲಿಸಿಕೊಟ್ಟದ್ದು, ನಮಗಾರಿಗೂ ತಿಳಿಯದ್ದು.
ಇನ್ನೂ ಬೇಕು ಅಂದಮೇಲೆ ಏಳುವ ಹಾಗಿಲ್ಲ.

ಅದೇ ಹುಡುಗ ಬಂದ, ಯಾರೂ ಕರೆಯದೆ.
ಬಗ್ಗಿ ಸುರಿಯುವಾಗ ಒಂದಿಷ್ಟು ಚೆಲ್ಲಿತು ನೋಟಿನ ಮೇಲೆ,
ಬೆದರಿ ಒರೆಸಹೋದ.
ಅಣ್ಣ ಬೇಡವೆಂದು ತಲೆಯಾಡಿಸಿ
ಎರಡು ಬೆರಳಿಂದ ಮೇಜು ತಟ್ಟಿದ, ಮೆತ್ತಗೆ,
ಅವ್ವ ದಿನಾ ತಟ್ಟುವ ಹಾಗೆ, ಇಲ್ಲಿಯವರ ಉಪಕಾರಸ್ಮರಣೆ.

ಈ ದೇಶದ ನೋಟು ಪ್ಲಾಸ್ಟಿಕ್ಕಿನದು, ನೆನೆಯುವುದಿಲ್ಲ.
ನಾಲ್ಕೂ ಅಲ್ಲೇ ಹೊಳೆಯುತ್ತ ಕೂತಿದ್ದವು.
ನೀಲಕ್ಕ ಅಣ್ಣನ ಬಟ್ಟಲಿಗೆ ಚಹಾ ಬಗ್ಗಿಸಿದಳು,
ಅವನ ಮುಖ ನೋಡದೆ,
ಅಂಚಿನವರೆಗೂ.